ನಮ್ಮ ದ್ವೀಪದ ಹರಿದ ಅಂಚು: ಹಾಸನ, ಚಿಕ್ಕಮಗಳೂರಿನ ಕಲ್ಲುಗಳ ಜೊತೆ

ಅಕ್ಕನ ಮಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ ಓದುತ್ತಿದ್ದಾನೆ. ದೀಪಾವಳಿಗೆ ಮನೆಗೆ ಬಂದವನು ಊಟದ ನಡುವೆ ಒಂದು ಮಾತು ಹೇಳಿದ. ಭಾರತ ಒಂದು ಕಾಲಕ್ಕೆ ದ್ವೀಪವಾಗಿತ್ತಂತೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರಿನಿಂದ ಕಿತ್ತುಕೊಂಡು ಉತ್ತರಕ್ಕೆ ಸರಿಯತೊಡಗಿತು. ಏಷ್ಯಾಕ್ಕೆ ಬಂದು ತಾಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ನಡುವಿನ ಆ ದೀರ್ಘ ಕಾಲವೆಲ್ಲ ಸುತ್ತಲೂ ಸಮುದ್ರವೇ.

"ಹಾಗಾದ್ರೆ ಆ ದ್ವೀಪದ ಅಂಚು ಈಗ ಎಲ್ಲಿದೆ ಪುಟ್ಟ?" ಎಂದು ಕೇಳಿದೆ.

"ಸಕಲೇಶಪುರದ ಹತ್ರ ರಸ್ತೆ ಇಳಿಜಾರಾಗುತ್ತಲ್ಲ ಮಾಮ, ಹೆಚ್ಚುಕಡಿಮೆ ಅಲ್ಲೇ" ಎಂದ.

ಅಷ್ಟು ಸಾಕಾಯಿತು. ಮುಂದಿನ ವಾರವೇ ಕಾರು ತೆಗೆದೆವು.

ಶುಕ್ರವಾರ: ಶ್ರವಣಬೆಳಗೊಳ, ಗೊರೂರು

ಮೈಸೂರನ್ನು ಕತ್ತಲಲ್ಲೇ ಬಿಟ್ಟೆವು. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬಿಸಿಲೇರುವ ಮೊದಲೇ ಹತ್ತಬೇಕು. ಚಪ್ಪಲಿ ಕೆಳಗೇ ಬಿಡಬೇಕು, ಹತ್ತು ಗಂಟೆ ದಾಟಿದರೆ ಬಂಡೆ ಅಂಗಾಲು ಸುಡುತ್ತದೆ. ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿಟ್ಟುಕೊಂಡರೆ ಇಳಿಯುವಾಗ ಉಪಯೋಗಕ್ಕೆ ಬರುತ್ತದೆ.

ಈ ಮೆಟ್ಟಿಲು ನನಗೆ ಹೊಸದಲ್ಲ. ಆದರೆ ಕಾಲಡಿಯ ಬಂಡೆಯನ್ನು ನಾನು ನೋಡಿದ್ದು ಈ ಸಲವೇ. ಪುಟ್ಟ ಅರ್ಧ ದಾರಿಯಲ್ಲಿ ನಿಂತು ಬೆಟ್ಟದ ಮೈ ತೋರಿಸಿದ. ನುಣುಪಾಗಿ, ಗುಂಡಗೆ ಇಳಿದ ಮೈ. ಅಲ್ಲಲ್ಲಿ ಮೇಲಿನ ಪದರ ಹಾಳೆ ಹಾಳೆಯಾಗಿ ಎದ್ದಿತ್ತು.

"ಈ ಬಂಡೆ ಹುಟ್ಟಿದ್ದು ನೆಲದ ಒಳಗೆ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಮೇಲಿದ್ದದ್ದೆಲ್ಲ ಸವೆದು ಹೋಗಿದೆ. ಭಾರ ಇಳಿದ ಮೇಲೆ ಬಂಡೆ ಒಂಚೂರು ಹಿಗ್ಗುತ್ತೆ. ಹಿಗ್ಗಿದಾಗ ಮೇಲಿನ ಪದರ ಸೀಳುತ್ತೆ. ಅದಕ್ಕೇ ಬೆಟ್ಟ ಗುಂಡಗಿರೋದು."

981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನ ಮುಂದೆ ಆ ಮಾತು ಮತ್ತೆ ನೆನಪಾಯಿತು. ಒಳಗೆ ದೊಡ್ಡ ಬಿರುಕಿಲ್ಲದ ಒಂದೇ ಬಂಡೆ ಸಿಕ್ಕಿದ್ದಕ್ಕೇ ಇಂಥ ಮೂರ್ತಿ ಸಾಧ್ಯವಾಯಿತು. ಕಡೆದವರ ಕೈ ದೊಡ್ಡದು, ಅನುಮಾನವೇ ಇಲ್ಲ. ಜೊತೆಗೆ ಕಲ್ಲಿನ ಅದೃಷ್ಟವೂ ಇತ್ತು.

ಚನ್ನರಾಯಪಟ್ಟಣದಲ್ಲಿ ತಿಂಡಿ ಮುಗಿಸಿ ಗೊರೂರಿಗೆ ಹೋದೆವು. ಎಲ್ಲರೂ ಅಣೆಕಟ್ಟು ನೋಡಲು ಬರುತ್ತಾರೆ. ಪುಟ್ಟನಿಗೆ ಬೇಕಾಗಿದ್ದು ಕೆಳಗಿನ ಹೊಳೆಯ ಬಂಡೆಗಳು. ಭೂವಿಜ್ಞಾನದ ಪುಸ್ತಕಗಳಲ್ಲಿ 'ಗೊರೂರು ನೈಸ್' ಎಂದೇ ಈ ಕಲ್ಲಿಗೆ ಹೆಸರಿದೆ. ನೈಸ್ ಅಂದರೆ ಪಟ್ಟೆಪಟ್ಟೆಯಾದ ಕಲ್ಲು. ಬೂದು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಬೂದು. ಎಲ್ಲ ಸುರುಳಿ ಸುತ್ತಿ ಮಡಚಿಕೊಂಡಿವೆ. ಶಾಖಕ್ಕೆ, ಒತ್ತಡಕ್ಕೆ ಕಲ್ಲು ಮೆದುವಾಗಿ ಹೀಗೆ ಬಾಗಿದೆ. ವಯಸ್ಸು ಸುಮಾರು 330 ಕೋಟಿ ವರ್ಷ. ಭೂಮಿಗೇ ಸುಮಾರು 454 ಕೋಟಿ ವರ್ಷ ಅಲ್ವಾ? ದಕ್ಷಿಣ ಭಾರತದ ಅತಿ ಹಳೆಯ ಬಂಡೆಗಳ ಸಾಲಿಗೆ ಇದು ಸೇರುತ್ತದೆ.

ಅಲ್ಲೇ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದರು. ಪುಟ್ಟ ಮಸೂರ ಹಿಡಿದು ಬಂಡೆಗೆ ಮುಖ ಹಚ್ಚಿದ್ದು ನೋಡಿ, "ಏನಪ್ಪಾ, ಚಿನ್ನ ಏನಾದ್ರೂ ಐತಾ?" ಎಂದು ಕೇಳಿದರು.

"ಇಲ್ಲಮ್ಮ, ಕಲ್ಲಿನ ವಯಸ್ಸು ಓದ್ತಿದೀನಿ. ಮುನ್ನೂರ ಮೂವತ್ತು ಕೋಟಿ ವರ್ಷ."

ಅವರು ಒಗೆಯುವುದನ್ನು ನಿಲ್ಲಿಸಿದರು. "ನಮ್ಮತ್ತೇನೂ ಇದೇ ಬಂಡೆ ಮ್ಯಾಲೆ ಒಗೀತಿದ್ರು. ಅವರತ್ತೇನೂ ಒಗೀತಿದ್ರಂತೆ. ಒಂಚೂರೂ ಸವೆದಿಲ್ಲ ನೋಡಿ" ಎಂದು ಬಂಡೆಯನ್ನು ಅಂಗೈಯಿಂದ ತಟ್ಟಿದರು.

ಇದೇ ಜಾತಿಯ ಕಲ್ಲು ಕಡಲಾಚೆಯೂ ಇದೆ. ಮಡಗಾಸ್ಕರಿನ ಈಶಾನ್ಯ ಮೂಲೆಯಲ್ಲಿ ಆಂಟೊಂಜಿಲ್ ಎಂಬ ಕೊಲ್ಲಿ. ಅದರ ಸುತ್ತಲಿನ ನೈಸ್ ಬಂಡೆಗಳಿಗೂ 300 ಕೋಟಿ ವರ್ಷ ದಾಟಿದೆ. ವಯಸ್ಸು, ಗುಣ ಎರಡೂ ಹೊಂದುವುದರಿಂದ ಅದು ನಮ್ಮ ಪಶ್ಚಿಮ ಕರ್ನಾಟಕದ ನೆಲದಿಂದಲೇ ಹೋದ ತುಂಡು ಎಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ಗೊರೂರಿನ ಬಂಡೆಗೆ ಒಬ್ಬ ನೆಂಟ ಅಷ್ಟು ದೂರದಲ್ಲಿದ್ದಾನೆ ಎಂಬುದು ನನಗೆ ತುಂಬ ಖುಷಿ ಕೊಟ್ಟ ವಿಷಯ.

ರಾತ್ರಿ ಹಾಸನದ ಒಂದು ಮೆಸ್ಸಿನಲ್ಲಿ ಮುದ್ದೆ, ಸೊಪ್ಪಿನ ಉಪ್ಸಾರು. ಬಡಿಸುತ್ತಿದ್ದವರು ಹೊಳೆನರಸೀಪುರ ಕಡೆಯವರು. ನಮ್ಮ ಮಾತು ಕಿವಿಗೆ ಬಿದ್ದು, "ನಮ್ಮೂರಲ್ಲೂ ಭೂಮಿ ಅಲ್ಲಾಡಿತ್ತು ಸಾರ್" ಎಂದರು. 2022ರ ಜೂನ್ 23ರ ಬೆಳಗಿನ ಜಾವ, 3.4 ತೀವ್ರತೆಯ ಕಂಪನ. ಮನೆಯ ಪಾತ್ರೆಗಳು ಸದ್ದು ಮಾಡಿ ಎಲ್ಲರೂ ಅಂಗಳಕ್ಕೆ ಓಡಿ ಬಂದಿದ್ದರಂತೆ. ನಾವು ನಿಂತಿರುವ ಭೂಫಲಕ (ಪ್ಲೇಟ್), ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು, ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಹಿಮಾಲಯದಲ್ಲಷ್ಟೇ ಮುಗಿಯುವುದಿಲ್ಲ, ಫಲಕದ ಒಳಗೂ ಹರಡುತ್ತದೆ. ಹಳೆಯ ಬಿರುಕುಗಳಿರುವ ಕಡೆ ಆಗಾಗ ಸಣ್ಣದಾಗಿ ಸಡಿಲವಾಗುತ್ತದೆ. ಪುಟ್ಟ ಇದನ್ನು ಹೇಳಿದಾಗ ಅವರು ಇನ್ನೊಂದು ಮುದ್ದೆ ಹಾಕಿ, "ಮತ್ತೆ ಆಗ್ತದಾ?" ಎಂದು ಕೇಳಿದರು. "ಸಣ್ಣವು ಆಗಬಹುದು. ಹಿಮಾಲಯದ ಹಾಗೆ ಪದೇ ಪದೇ ದೊಡ್ಡದಾಗೋ ಜಾಗ ಅಲ್ಲ ಇದು" ಎಂದ. ಅವರ ಮುಖ ಒಂಚೂರು ತಿಳಿಯಾಯಿತು.

ಶನಿವಾರ: ಸಕಲೇಶಪುರ, ಬಿಸ್ಲೆ

ಹಾಸನ ದಾಟಿದ ಮೇಲೆ ರಾಗಿ ಹೊಲ ಕಡಿಮೆಯಾಗಿ ಭತ್ತದ ಗದ್ದೆ ಶುರುವಾಗುತ್ತದೆ. ಆಮೇಲೆ ಸಿಲ್ವರ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ನೆಲ ಏರುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಈ ನಿಧಾನದ ಏರು ಮುಂದೆ ಬೇಕಾಗುತ್ತದೆ, ಅದಕ್ಕೆ ಇಲ್ಲೇ ಹೇಳಿದೆ.

1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಬೇಗ ನೋಡಿ ಮುಗಿಸಿದೆವು. ನಕ್ಷತ್ರದ ಆಕಾರದ ಕೋಟೆ, ಚೆನ್ನಾಗಿದೆ. ಆದರೆ ಮಂಜು ಮುಚ್ಚಿ ಏನೂ ಕಾಣಲಿಲ್ಲ. ಬಿಸ್ಲೆ ಕಡೆ ತಿರುಗಿದೆವು.

ಬಿಸ್ಲೆ ರಸ್ತೆ ಕೆಲವು ಕಡೆ ಚೆನ್ನಾಗಿದೆ, ಕೆಲವು ಕಡೆ ಇಲ್ಲ. ಒಂದು ತಿರುವಿನಲ್ಲಿ ಟಯರ್ ಪಂಕ್ಚರ್ ಆಯಿತು. ಸುತ್ತ ಕಾಡು, ಮೊಬೈಲ್ ಸಿಗ್ನಲ್ ಇಲ್ಲ, ಮೇಲಿಂದ ಜಿಟಿಜಿಟಿ ಮಳೆ. ಈ ದಾರಿಗೆ ಬರುವವರು ಸ್ಟೆಪ್ನಿಯ ಗಾಳಿ ಒಮ್ಮೆ ನೋಡಿಕೊಂಡು ಬರಬೇಕು. ನಮ್ಮದು ಸರಿಯಿತ್ತು. ಇಳಿಜಾರಾದ್ದರಿಂದ ಜಾಕ್ ನಿಲ್ಲುತ್ತಿರಲಿಲ್ಲ ಅಷ್ಟೇ. ಹಾಲಿನ ಕ್ಯಾನ್ ಹೊತ್ತು ಬಂದ ಜೀಪಿನ ಡ್ರೈವರ್ ಒಬ್ಬರು ಕೇಳದೆಯೇ ನಿಲ್ಲಿಸಿದರು. ಚರಂಡಿಯಿಂದ ಎರಡು ಕಲ್ಲು ಎತ್ತಿ ತಂದು ಚಕ್ರಕ್ಕೆ ಅಡ್ಡ ಕೊಟ್ಟರು. ಪುಟ್ಟ ಸ್ಪಾನರ್ ಬಿಟ್ಟು ಆ ಕಲ್ಲನ್ನೇ ನೋಡತೊಡಗಿದ. ಅದೇ ಬೂದು-ಬಿಳಿ ಪಟ್ಟೆ! ಗೊರೂರಿನಿಂದ ಇಲ್ಲಿಯವರೆಗೆ ನಾವು ಒಂದೇ ಹಳೆಯ ನೆಲದ ಮೇಲೆ ಓಡಾಡುತ್ತಿದ್ದೇವೆ ಎಂದು ಆಗ ಮನಸ್ಸಿಗೆ ನಾಟಿತು. "ಕಲ್ಲು ಆಮೇಲೆ ನೋಡಪ್ಪಾ, ಮೊದ್ಲು ನಟ್ ಬಿಚ್ಚು" ಎಂದು ಡ್ರೈವರ್ ನಕ್ಕರು. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಮಂಕನಹಳ್ಳಿ ಹತ್ತಿರ ರಸ್ತೆಬದಿಯಲ್ಲಿ 'ರಿಡ್ಜ್' ಎಂದು ಗುರುತು ಹಾಕಿದ ಜಾಗವಿದೆ. ಸುಮ್ಮನೆ ಹೋದರೆ ದಾಟಿಯೇ ಹೋಗುತ್ತದೆ, ಕೇಳಿಕೊಂಡು ಹೋಗಿ. ಇದು ನೀರು ಇಬ್ಭಾಗವಾಗುವ ಏಣು. ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಗೆ ಸೇರಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ.

ಇಲ್ಲಿ ನಿಂತಾಗ ನಾನು ಶಾಲೆಯಿಂದಲೂ ಕೇಳದೇ ಬಿಟ್ಟಿದ್ದ ಪ್ರಶ್ನೆ ಕೇಳಿದೆ. ಅರಬ್ಬಿ ಸಮುದ್ರ ಇಲ್ಲಿಂದ ಸುಮಾರು 100 ಕಿಲೋಮೀಟರ್. ಅಷ್ಟು ಹತ್ತಿರದ ಕಡಲು ಬಿಟ್ಟು ಹೇಮಾವತಿ ಯಾಕೆ ಪೂರ್ವಕ್ಕೆ ಹೋಗಬೇಕು? ಕಾವೇರಿ ಸೇರಲು 245 ಕಿಲೋಮೀಟರ್ ಹರಿಯುತ್ತಾಳೆ. ಆಮೇಲೆ ಇಡೀ ತಮಿಳುನಾಡು ದಾಟಬೇಕು.

ಉತ್ತರ ಬಿಸ್ಲೆಯ ವ್ಯೂ ಪಾಯಿಂಟಿನಲ್ಲಿ ಸಿಕ್ಕಿತು. ನಾವು ತಲುಪಿದಾಗ ಬರೀ ಮಂಜು. ಬ್ಯಾಗಿನಲ್ಲಿದ್ದ ಚಕ್ಕುಲಿ ತಿನ್ನುತ್ತ ಕೂತೆವು. ಇಲ್ಲಿ ಅವಸರ ಮಾಡಬಾರದು. ಬಹಳ ಹೊತ್ತಿನ ಮೇಲೆ ಗಾಳಿ ತಿರುಗಿತು, ಮಂಜು ಹರಿಯಿತು. ಎದುರಿಗೆ ಕುಮಾರ ಪರ್ವತ, ಪುಷ್ಪಗಿರಿ ಸಾಲು. ನಮ್ಮ ಕಾಲ ಕೆಳಗೆ ನೆಲವೇ ಇಲ್ಲ, ದಟ್ಟ ಕಾಡು ನೇರ ಕೆಳಗೆ ಇಳಿದು ಹೋಗಿದೆ. ಹಾಸನದಿಂದ ಗೊತ್ತಾಗದಂತೆ ಏರಿದ ನೆಲ ಇಲ್ಲಿ ಒಮ್ಮೆಗೇ ಮುಗಿಯುತ್ತದೆ.

ಪುಟ್ಟ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ದಕ್ಷಿಣದ ಖಂಡಗಳೆಲ್ಲ ಮೊದಲು ಗೊಂಡ್ವಾನ ಎಂಬ ಒಂದೇ ನೆಲವಾಗಿದ್ದವು. ಅದು ಒಡೆಯುತ್ತ ಬಂತು. ಆಫ್ರಿಕಾ ದೂರವಾಯಿತು, ಅಂಟಾರ್ಕ್ಟಿಕಾ ದೂರವಾಯಿತು. ಭಾರತ, ಮಡಗಾಸ್ಕರ್ ಮಾತ್ರ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಮಾರು 8.8 ಕೋಟಿ ವರ್ಷದ ಹಿಂದೆ ಕೆಳಗಿನಿಂದ ಶಾಖ ಎದ್ದು, ಲಾವಾ ಉಕ್ಕಿ, ಇವೆರಡರ ನಡುವೆ ನೆಲ ಉದ್ದಕ್ಕೆ ಸೀಳಿತು. ಸೀಳಿನಲ್ಲಿ ಹೊಸ ಸಮುದ್ರದ ತಳ ಹುಟ್ಟಿತು. ಸೀಳಿದ ಅಂಚು ಎತ್ತರದಲ್ಲಿ ಉಳಿಯಿತು. ಅಂಚಿನಿಂದ ಕಡಲ ಕಡೆಯ ಮಣ್ಣು-ಕಲ್ಲನ್ನು ಮಳೆ ಕೊಚ್ಚಿಕೊಂಡು ಹೋದ ಹಾಗೆಲ್ಲ ಭಾರ ಕಡಿಮೆಯಾಗಿ, ಹೊರೆ ಇಳಿಸಿದ ದೋಣಿಯ ಹಾಗೆ ಆ ಅಂಚು ಇನ್ನಷ್ಟು ಮೇಲೆದ್ದಿತು. ನೆಲ ಪೂರ್ವಕ್ಕೆ ವಾಲಿತು. ಅದಕ್ಕೇ ಹೇಮಾವತಿ, ಕಾವೇರಿ, ತುಂಗಾ, ಭದ್ರಾ ಎಲ್ಲ ಕಡಲಿಗೆ ಬೆನ್ನು ಹಾಕಿ ಹೊರಟವು.

"ಆದ್ರೆ ಸೀಳಿದ ಗೆರೆ ಇದೇ ಅಂದ್ಕೋಬೇಡಿ ಮಾಮ" ಎಂದ. "ಆ ಗೆರೆ ಈಗ ಸಮುದ್ರದಲ್ಲಿದೆ. ಕೋಟ್ಯಂತರ ವರ್ಷದ ಮಳೆಗೆ ಗೋಡೆ ಸವೆದು ಸವೆದು ಇಲ್ಲಿಗೆ ಹಿಂದೆ ಸರಿದಿದೆ."

ಆಮೇಲೆ ಫೋನಿನಲ್ಲಿ ಮಡಗಾಸ್ಕರಿನ ನಕ್ಷೆ ತೆರೆದ. ನನಗೆ ಈ ಪ್ರವಾಸದ ಅತಿ ದೊಡ್ಡ ಬೆರಗು ಅದೇ. ಆ ದ್ವೀಪದ ಪೂರ್ವ ದಡ ಗೆರೆ ಎಳೆದಂತೆ ನೇರವಾಗಿದೆ. ಪಕ್ಕದಲ್ಲೇ ಕಡಿದಾದ ಘಟ್ಟ. ಅಲ್ಲಿ ಪೂರ್ವಕ್ಕೆ ಇಳಿಯುವ ನದಿಗಳು ಗಿಡ್ಡ, ರಭಸದವು. ಬೆಟ್ಸಿಬೊಕಾ, ಮಂಗೋಕಿಯಂಥ ಉದ್ದದ ನದಿಗಳು ಪಶ್ಚಿಮಕ್ಕೆ ಹರಿಯುತ್ತವೆ. ನಮ್ಮಲ್ಲಿ ನೇತ್ರಾವತಿ, ಕುಮಾರಧಾರೆ ಗಿಡ್ಡ, ಪಶ್ಚಿಮಕ್ಕೆ. ಕಾವೇರಿ ಉದ್ದ, ಪೂರ್ವಕ್ಕೆ. ಎಲ್ಲ ತಿರುಗುಮುರುಗು! ಒಂದೇ ಸೀಳಿನ ಎರಡು ಅಂಚುಗಳು ಬೆನ್ನು ತಿರುಗಿಸಿ ಹೀಗೆ ಬೇರೆಯಾಗಿವೆ. ಆ ಕಡೆಯ ಘಟ್ಟಕ್ಕೂ ಕಡಲಿಂದ ಬರುವ ಗಾಳಿ ಬಡಿದು ಭಾರಿ ಮಳೆ ಸುರಿಯುತ್ತದೆ.

ಸಂಜೆ ಹಾನುಬಾಳು ಕಡೆಯ ಒಂದು ತೋಟದ ಮನೆಯಲ್ಲಿ ಉಳಿದೆವು. ಕಡುಬು, ಕೋಳಿ ಸಾರು, ಒಲೆಯ ಮುಂದೆ ಮಾತು. ಯಜಮಾನರು ಎಪ್ಪತ್ತು ದಾಟಿದವರು. ದಿನದ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವವರು. ಮಡಗಾಸ್ಕರ್ ಎಂದ ಕೂಡಲೇ ಅವರು ಎದ್ದು ಕೂತರು.

"ಅಯ್ಯೋ, ಆ ಊರಿನ ಹೆಸರು ಹೇಳ್ಬೇಡಿ! ವೆನಿಲ್ಲಾ ಕಾಲ ನೆನಪಾಗ್ತದೆ."

2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ನಾಶವಾಯಿತು. ಜಗತ್ತಿನ ಬೆಲೆ ಆಕಾಶಕ್ಕೇರಿತು. ಮಲೆನಾಡಿನವರೆಲ್ಲ ಬಳ್ಳಿ ಹಾಕಿದರು. ಬೆಳಗ್ಗೆ ಎದ್ದು ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುತ್ತಿದ್ದರು. ರಾತ್ರಿ ಕಾಯಿ ಕಾಯಲು ತೋಟದಲ್ಲೇ ಮಲಗುತ್ತಿದ್ದರು. ಅಲ್ಲಿ ಬೆಳೆ ಚೇತರಿಸಿಕೊಂಡಿತು, ಕೆಲವೇ ವರ್ಷದಲ್ಲಿ ಇಲ್ಲಿ ಬೆಲೆ ನೆಲಕಚ್ಚಿತು. "ನಮ್ಮ ಮಣ್ಣಿಗೆ, ಮಳೆಗೆ ಅದು ಯಾಕೆ ಅಷ್ಟು ಚೆನ್ನಾಗಿ ಬಂತು ಅಂತ ಆಗ ಆಶ್ಚರ್ಯ ಆಗ್ತಿತ್ತು" ಎಂದರು. ವೆನಿಲ್ಲಾದ ಮೂಲ ಮೆಕ್ಸಿಕೊ ಕಡೆ. ಹಾಗಾಗಿ ಅದು ಎರಡೂ ಕಡೆ ಬಂದದ್ದಕ್ಕೆ ಹಳೆಯ ನೆಂಟಸ್ತನ ಕಾರಣವಲ್ಲ. ಆದರೆ ಕಡಲಂಚಿನ ಘಟ್ಟ, ಬಿಸಿ, ಭಾರಿ ಮಳೆ ಎರಡೂ ಕಡೆ ಇರುವುದಕ್ಕೆ ಆ ಸೀಳೂ ಒಂದು ಕಾರಣ.

"ಮಗಳು ಮಾರಿಷಸ್‌ಗೆ ಹೋಗಿ ಬಂದಳು. ಅದೂ ಹೀಗೇ ಒಡೆದ ತುಂಡಾ?" ಎಂದು ಕೇಳಿದರು.

ಅಲ್ಲ. ಪುಟ್ಟ ಕೆಂಡದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಮಾರಿಷಸ್, ರಿಯೂನಿಯನ್ ಎರಡೂ ಸಮುದ್ರದ ತಳದಿಂದ ಲಾವಾ ಉಕ್ಕಿ ಎದ್ದ ದ್ವೀಪಗಳು. ಆಳದಲ್ಲಿ ಒಂದು ಬಿಸಿ ಜಾಗವಿದೆ. ಅದರ ಮೇಲೆ ಪ್ಲೇಟ್ ಸರಿಯುತ್ತ ಹೋದ ಹಾಗೆ ಒಂದೊಂದೇ ಜ್ವಾಲಾಮುಖಿ ಹುಟ್ಟುತ್ತ ಹೋಯಿತು. 6.6 ಕೋಟಿ ವರ್ಷದ ಹಿಂದೆ ಭಾರತ ಆ ಬಿಸಿ ಜಾಗದ ಮೇಲೆ ಬಂದಾಗ ಉಕ್ಕಿದ ಲಾವಾವೇ ಮಹಾರಾಷ್ಟ್ರದ, ನಮ್ಮ ಉತ್ತರ ಕರ್ನಾಟಕದ ಕರಿಕಲ್ಲು. ಲಕ್ಷದ್ವೀಪ, ಮಾಲ್ಡೀವ್ಸ್ ಅದೇ ಜಾಡಿನ ಮೇಲಿವೆ. ರಿಯೂನಿಯನ್‌ನಲ್ಲಿ ಈಗಲೂ ಜ್ವಾಲಾಮುಖಿ ಉರಿಯುತ್ತದೆ. ಸೆಶೆಲ್ಸ್ ಮಾತ್ರ ಬೇರೆ. ಅಲ್ಲಿನ ದೊಡ್ಡ ದ್ವೀಪಗಳದ್ದು ಸುಮಾರು 75 ಕೋಟಿ ವರ್ಷದ ಗ್ರಾನೈಟ್. ನಮ್ಮ ನೆಲಕ್ಕೇ ಅಂಟಿಕೊಂಡು ಬಂದು, ಆಮೇಲೆ ಕಳಚಿ ದಾರಿಯಲ್ಲೇ ಉಳಿದ ಚೂರು ಅದು.

ಭಾನುವಾರ: ಕೊಟ್ಟಿಗೆಹಾರ, ಚಾರ್ಮಾಡಿ

ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬಂದಾಗ ಹತ್ತು ಗಂಟೆ. ಇಲ್ಲಿಗೆ ಬಂದು ನೀರು ದೋಸೆ ತಿನ್ನದೆ ಹೋಗಬಾರದು. ಕಾವಲಿಯಿಂದ ನೇರ ಎಲೆಗೆ, ಮೇಲೊಂದು ಚಮಚ ಬೆಲ್ಲ-ಕಾಯಿ. ನಾನು ಲೆಕ್ಕ ಬಿಟ್ಟು ತಿಂದೆ.

ದೋಸೆ ಹಾಕುತ್ತಿದ್ದ ಅಕ್ಕ 2019ರ ಆಗಸ್ಟ್ ನೆನೆದರು. ಎಡೆಬಿಡದ ಮಳೆಗೆ ಚಾರ್ಮಾಡಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ತಿಂಗಳುಗಟ್ಟಲೆ ಬಂದ್ ಆಗಿತ್ತು. "ರಾತ್ರಿ ಸದ್ದು ಕೇಳ್ತಿತ್ತು. ಗುಡುಗಾ ಗುಡ್ಡಾನಾ ಅಂತ ಗೊತ್ತಾಗ್ತಿರಲಿಲ್ಲ. ಮಕ್ಕಳನ್ನ ಕರ್ಕೊಂಡು ನೆಂಟರ ಮನೆಗೆ ಹೋಗಿಬಿಟ್ವಿ." ಹೇಳುವಾಗ ದೋಸೆ ತಿರುವುವ ಕೈ ನಿಂತಿತ್ತು.

ಘಟ್ಟದಲ್ಲಿ ಒಂದೆರಡು ಕಡೆ ಇಳಿದು ನೋಡಿದೆವು. ಗಾಡಿ ನಿಲ್ಲಿಸಲು ಅಗಲ ಜಾಗ ಇರುವಲ್ಲಿ ಮಾತ್ರ ನಿಲ್ಲಿಸಿ, ತಿರುವಿನಲ್ಲಿ ಬೇಡವೇ ಬೇಡ. ರಸ್ತೆಗೆ ಕಡಿದ ಗುಡ್ಡದ ಮೈಯಲ್ಲಿ ಎಲ್ಲ ಕಾಣುತ್ತದೆ. ಕೆಳಗೆ ಗಟ್ಟಿ ಬಂಡೆ. ಅದರ ಮೇಲೆ ಅದೇ ಬಂಡೆ ಕೊಳೆತು ಆದ ಕೆಂಪು ಮಣ್ಣು, ಒಬ್ಬಾಳು ಎರಡಾಳು ಎತ್ತರ. ಮಳೆ ನೀರು ಮಣ್ಣಿಗೆ ಇಳಿದು ಬಂಡೆಯ ಮೇಲೆ ನಿಲ್ಲುತ್ತದೆ. ಮಣ್ಣು ಭಾರವಾಗಿ, ಹಿಡಿತ ತಪ್ಪಿ ಜಾರುತ್ತದೆ. ಸೀಳಿದ ಅಂಚು ಕಡಿದಾಗಿರುವುದರಿಂದ ಗುಡ್ಡ ಜಾರುವುದು ಇಲ್ಲಿಯ ಹಳೆಯ ಗುಣ. ಗೋಡೆ ಕಡಲಿನಿಂದ ಇಲ್ಲಿಯವರೆಗೆ ಹಿಂದೆ ಸರಿದದ್ದೂ ಹೀಗೆಯೇ. ಆದರೆ ಗುಡ್ಡದ ಬುಡ ಕಡಿದು, ಮೇಲೆ ಕಾಡು ಸವರಿ, ನೀರಿನ ದಾರಿ ಮುಚ್ಚಿದರೆ ಅದರ ವೇಗ ಹೆಚ್ಚುತ್ತದೆ. ಭೂಮಿಯ ಕೆಲಸ ಎಂದು ಕೈ ತೊಳೆದುಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ. ಆ ಅಕ್ಕನ ಮನೆ ಇರುವುದು ಈ ಗೋಡೆಯ ತಲೆಯ ಮೇಲೆ.

ಹೇಮಾವತಿ ಹುಟ್ಟುವುದೂ ಇಲ್ಲೇ ಸಮೀಪ, ಮೂಡಿಗೆರೆ ತಾಲ್ಲೂಕಿನ ಜಾವಳಿ ಕಡೆ. ಪಶ್ಚಿಮಕ್ಕೆ ಧುಮುಕುವ ಹಳ್ಳಗಳಿಗೆ ರಭಸ ಜಾಸ್ತಿ. ಅವು ತಲೆಯ ಕಡೆ ಕೊರೆಯುತ್ತ ಹಿಂದೆ ಹಿಂದೆ ಬರುತ್ತಿವೆ. ಪೂರ್ವದ ನದಿಗಳ ನೀರನ್ನು ಮುಂದೊಂದು ಕಾಲಕ್ಕೆ ಕಸಿದುಕೊಳ್ಳಬಹುದು. ಮನುಷ್ಯರ ಲೆಕ್ಕದ ಕಾಲವಲ್ಲ, ಬಂಡೆಗಳ ಲೆಕ್ಕದ ಕಾಲ.

ಒಂದು ಒರತೆಯ ಹತ್ತಿರ ಕಪ್ಪೆಗಳು ಕೂಗುತ್ತಿದ್ದವು. ಕಾಲಿಗೆ ಜಿಗಣೆ ಹತ್ತಿತ್ತು, ನಶ್ಯದ ಪುಡಿ ಹಚ್ಚಿ ಬಿಡಿಸಿಕೊಂಡೆ. ದ್ವೀಪ ಎಂಬ ಮಾತಿಗೆ ಕಪ್ಪೆಗಳೂ ಸಾಕ್ಷಿ ಹೇಳುತ್ತವೆ. ಕೇರಳದ ಘಟ್ಟದಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ನೇರಳೆ ಕಪ್ಪೆ ವರ್ಷದ ಬಹುಕಾಲ ಮಣ್ಣೊಳಗೇ ಇರುತ್ತದೆ. ಮೊದಲ ಮಳೆಗೆ ಕೆಲವು ದಿನ ಹೊರಬರುತ್ತದೆ. ಅದರ ಹತ್ತಿರದ ಬಂಧುಗಳು ಇರುವುದು ಸೆಶೆಲ್ಸ್ ದ್ವೀಪಗಳಲ್ಲಿ. ಉಪ್ಪುನೀರು ಕಪ್ಪೆಗೆ ಆಗುವುದಿಲ್ಲ. ಅಷ್ಟು ಅಗಲದ ಕಡಲನ್ನು ಅವು ಈಜಿ ದಾಟಿಲ್ಲ. ನೆಲವೇ ಬೇರೆಯಾಗಿ ಬಂಧುಗಳು ಆ ಕಡೆ ಈ ಕಡೆ ಆದರು.

ಸೋಮವಾರ: ಮುಳ್ಳಯ್ಯನಗಿರಿ

ಚಿಕ್ಕಮಗಳೂರಿನಲ್ಲಿ ರಾತ್ರಿ ಕಳೆದು ಸೋಮವಾರ ಗಿರಿಗೆ ಹೊರಟೆವು. ವಾರದ ನಡುವೆ ಹೋಗುವುದೇ ಒಳ್ಳೆಯದು, ಶನಿವಾರ-ಭಾನುವಾರ ಗಿರಿಯ ಕೆಳಗಿನ ಕೈಮರ ಚೆಕ್‌ಪೋಸ್ಟಿನಿಂದಲೇ ವಾಹನಗಳ ಸಾಲು. ಈಗ ಮೇಲೆ ಹೋಗುವ ವಾಹನಗಳಿಗೆ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಬುಕ್ ಮಾಡಬೇಕು. ಹೊರಡುವ ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ.

ದಾರಿಯುದ್ದಕ್ಕೂ ಕಾಫಿ ಹಣ್ಣಾಗುತ್ತಿತ್ತು, ಕೆಲವು ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗಿತ್ತು. ಇಲ್ಲಿಯ ಕಲ್ಲಿನ ಕಥೆ ಬೇರೆ. ಗೊರೂರಿನ ನೈಸ್ ತಳಹದಿಯಾದರೆ, ಬಾಬಾಬುಡನ್ ಗಿರಿ ಅಂಥ ತಳಹದಿಯ ಮೇಲೆ ಪದರ ಪದರವಾಗಿ ಕೂತದ್ದು. ಸುಮಾರು 290 ಕೋಟಿಯಿಂದ 270 ಕೋಟಿ ವರ್ಷದ ಹಿಂದಿನ ಮಾತು. ಕೆಳಗಿನ ಪದರ ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ ಕಾಣುತ್ತದೆ, ನುಣುಪು ಬೆಣಚುಕಲ್ಲಿನ ಹರಳುಗಳು ಅಂಟಿಕೊಂಡ ಬಂಡೆ. ಹರಿಯುವ ನೀರು ಉರುಳಿಸಿದ ಹರಳು ಅವು. ಅದರ ಮೇಲೆ ಲಾವಾ, ಮರಳು, ಮತ್ತೆ ಲಾವಾ. ಭೂವಿಜ್ಞಾನಿಗಳು ಈ ಪದರಗಳಿಗೆ ಇಲ್ಲಿಯ ಊರುಗಳ ಹೆಸರನ್ನೇ ಇಟ್ಟಿದ್ದಾರೆ: ಕಲಸಾಪುರ, ಅಲ್ಲಂಪುರ, ಸಂತವೇರಿ. ಎಲ್ಲಕ್ಕಿಂತ ಮೇಲಿನದು ಮುಳ್ಳಯ್ಯನಗಿರಿ.

ಆ ಮೇಲಿನ ಪದರ ಕಬ್ಬಿಣದ್ದು. ಮೆಟ್ಟಿಲ ಪಕ್ಕದ ಬಂಡೆಯಲ್ಲಿ ಕಪ್ಪು ಪಟ್ಟೆ, ಕೆಂಪು ಪಟ್ಟೆ, ಬಿಳಿ ಪಟ್ಟೆ ಬೆರಳಿನಷ್ಟು ದಪ್ಪಕ್ಕೆ ಜೋಡಿಸಿದಂತಿವೆ. ಪುಟ್ಟ ಜೇಬಿನಿಂದ ಆಯಸ್ಕಾಂತ ತೆಗೆದು ಕಪ್ಪು ಪಟ್ಟೆಗೆ ಮುಟ್ಟಿಸಿದ. ಅಂಟಿಕೊಂಡಿತು! ಹಿಂದೆ ಬರುತ್ತಿದ್ದ ಕಡೂರಿನ ಕಾಲೇಜು ಹುಡುಗಿಯರು ಒಬ್ಬೊಬ್ಬರೂ ಕೇಳಿ ಪಡೆದು ಅಂಟಿಸಿ ನೋಡಿದರು.

"ಅಂದ್ರೆ ಇದು ಸಮುದ್ರ ಆಗಿತ್ತಾ ಸರ್?" ಎಂದು ಒಬ್ಬಳು ಕೇಳಿದಳು.

ಹೌದು. ಆಗಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ನೀರಿನ ಕಬ್ಬಿಣ ಗಟ್ಟಿಯಾಗಿ ತಳಕ್ಕೆ ಕೂತಿತು, ಅದರ ಮೇಲೆ ಸಿಲಿಕಾ ಕೂತಿತು, ಮತ್ತೆ ಕಬ್ಬಿಣ. ಸಮುದ್ರದ ತಳದಲ್ಲಿ ಕೂತ ಅದು ಇಂದು 1,930 ಮೀಟರ್ ಎತ್ತರದಲ್ಲಿ, ಕರ್ನಾಟಕದ ನೆತ್ತಿಯಲ್ಲಿದೆ. ಆ ಕಾಲದಲ್ಲಿ ಪ್ಲೇಟ್‌ಗಳು ಇಂದಿನ ಹಾಗೆಯೇ ಸರಿಯುತ್ತಿದ್ದವೇ ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ಚರ್ಚೆಯಲ್ಲಿದೆ. ಆದರೆ ಪದರಗಳು ಒತ್ತಿಸಿಕೊಂಡು ಮಡಚಿರುವುದು ಎದುರಿಗೇ ಇದೆ. ತುದಿಯಲ್ಲಿ ನಿಂತರೆ ಇಡೀ ಗಿರಿಸಾಲು ಅರ್ಧಚಂದ್ರದ ಹಾಗೆ ಬಾಗಿ, ಒಳಗೆ ಜಾಗರ ಕಣಿವೆಯನ್ನು ಹಿಡಿದಿರುವುದು ಕಾಣುತ್ತದೆ. ಸುತ್ತಲಿನ ಮೆದು ಕಲ್ಲು ಸವೆದು ತಗ್ಗಾಯಿತು. ಗಟ್ಟಿ ಕಬ್ಬಿಣದ ಪದರ ಸವೆಯದೆ ನಿಂತಿತು.

ಕುದುರೆಮುಖದಲ್ಲೂ ಇಂಥದೇ ಕಬ್ಬಿಣದ ಕಲ್ಲು. ಅಲ್ಲಿಯ ಗಣಿ 2005ರ ಕೊನೆಗೆ ನಿಂತಿತು. ಇದೇ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಹುಲ್ಲುಗಾವಲು, ಕಣಿವೆಯ ಶೋಲಾ ಕಾಡು, ಒಂದಾದ ಮೇಲೊಂದು ಒರತೆ ನೋಡುತ್ತ ನಿಂತಾಗ ಇನ್ನು ಇಲ್ಲಿಂದ ಒಂದು ಬುಟ್ಟಿಯೂ ಕೆಳಗೆ ಇಳಿಯದಿರಲಿ ಅನ್ನಿಸಿತು. ಭದ್ರೆಗೆ ಹೋಗುವ ನೀರು ಇದು.

ಮಧ್ಯಾಹ್ನ ಮೋಡ ಕವಿದು ಹತ್ತು ಅಡಿ ಮುಂದಿನದೂ ಕಾಣದಾಯಿತು. ಇಳಿಯುವ ದಾರಿ ಕಿರಿದು, ತಿರುವು ಜಾಸ್ತಿ. ಹೆಡ್‌ಲೈಟ್ ಹಾಕಿ, ಹಾರ್ನ್ ಮಾಡುತ್ತ, ಎರಡನೇ ಗೇರಿನಲ್ಲೇ ಕೈಮರ ತಲುಪಿದೆವು. ಗೇಟಿನ ಹತ್ತಿರದ ಅಂಗಡಿಯ ಕಾಫಿ, ಬಿಸಿ ಮೆಣಸಿನಕಾಯಿ ಬಜ್ಜಿಯ ರುಚಿ ಇನ್ನೂ ನೆನಪಿದೆ.

ಮಂಗಳವಾರ: ಹಳೇಬೀಡು

ವಾಪಸ್ ಬರುವ ದಾರಿಯಲ್ಲಿ ಹಳೇಬೀಡು. 1121ರ ಸುಮಾರಿಗೆ ಶುರುವಾದ ಹೊಯ್ಸಳೇಶ್ವರ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನಾವು ಶಿಲ್ಪಕ್ಕಿಂತ ಕಲ್ಲಿನ ಮುಂದೆ ಜಾಸ್ತಿ ಹೊತ್ತು ನಿಂತೆವು. ಇದು ಬಳಪದ ಕಲ್ಲು. ಆಳದಿಂದ ಬಂದ, ಮೆಗ್ನೀಸಿಯಂ ಜಾಸ್ತಿ ಇರುವ ಕಲ್ಲಿಗೆ ನೀರು ಸೇರಿ, ಶಾಖ-ಒತ್ತಡಕ್ಕೆ ಸಿಕ್ಕಿ ಹೀಗೆ ಮೆದುವಾಗುತ್ತದೆ. ಹೊಳೆನರಸೀಪುರ, ನುಗ್ಗೇಹಳ್ಳಿ ಕಡೆ ಅಂಥ ಕಲ್ಲಿನ ಹಳೆಯ ಪಟ್ಟಿಗಳು ನೈಸ್ ನಡುವೆ ಸಿಕ್ಕಿಕೊಂಡಿವೆ. ಅಲ್ಲೇ ಬೈರಾಪುರದಲ್ಲಿ ಕ್ರೋಮೈಟ್ ಗಣಿಯೂ ಇದೆ. ಶ್ರವಣಬೆಳಗೊಳದ ಗಟ್ಟಿ ಬಂಡೆಯಲ್ಲಿ ನುಣುಪು ಮೈ ಬಂತು, ಇಲ್ಲಿಯ ಮೆದು ಕಲ್ಲಿನಲ್ಲಿ ಕಿವಿಯೋಲೆಯ ಕೊಂಡಿಯವರೆಗೆ ಕೆತ್ತನೆ ಬಂತು. ಹಾಸನದ ಶಿಲ್ಪಿಗಳಿಗೆ ಎರಡೂ ಬಗೆಯ ಕಲ್ಲು ತಮ್ಮ ಸೀಮೆಯಲ್ಲೇ ಸಿಕ್ಕಿತು.

ಅಲ್ಲಿನ ಹಿರಿಯ ಗೈಡ್ ಒಬ್ಬರು ಸಣ್ಣ ಚೂರೊಂದನ್ನು ಉಗುರಿನಿಂದ ಗೀಚಿ ತೋರಿಸಿದರು. ಬಿಳಿ ಗೆರೆ ಬಿತ್ತು. "ನಮ್ಮ ಕಾಲಕ್ಕೆ ಸ್ಲೇಟ್ ಮೇಲೆ ಇದರಲ್ಲೇ ಬರೀತಿದ್ವಿ" ಎಂದರು. ಪುಟ್ಟ ಗೊರೂರಿನ ವಿಷಯ ಹೇಳಿದ. ಅವರು ಗೋಡೆಗೆ ಒರಗಿ ಪೂರ್ತಿ ಕೇಳಿ, "ಇದನ್ನ ನಾಳೆಯಿಂದ ಬಂದವರಿಗೆಲ್ಲ ಹೇಳ್ತೀನಿ. ವರ್ಷದ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಕೊಡಪ್ಪಾ" ಎಂದರು. ಅವನು ಟಿಕೆಟಿನ ಹಿಂದೆ ಬರೆದು ಕೊಟ್ಟ.

ಒಂದು ಜಾಗ ಬಾಕಿ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಮಡಗಾಸ್ಕರ್ ಬೇರೆಯಾದಾಗ ಉಕ್ಕಿದ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಅಲ್ಲಿ ನಿಂತಿದೆ. ವಯಸ್ಸು ಅದೇ, ಸುಮಾರು 8.8 ಕೋಟಿ ವರ್ಷ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಪುಟ್ಟನ ಪರೀಕ್ಷೆ ಮುಗಿಯುವುದು ಜನವರಿಗೆ. ಫೆಬ್ರವರಿಯಲ್ಲಿ ಶಿರಾಡಿ ಇಳಿದು ಹೋಗೋಣ ಎಂದು ಮಾತಾಗಿದೆ. ಹಾನುಬಾಳಿನ ಯಜಮಾನರೂ ಬರುತ್ತೇನೆ ಎಂದು ಫೋನ್ ಮಾಡಿದ್ದಾರೆ.